ಸ್ತ್ರೀಯರ ಮೂತ್ರಕೋಶದ ನಿರಪಾಯಕರ ಗಂತಿಗಳು: ದೇವಲಾಪುರ ಸೀಮೆಯಿಂದ ಒಂದು ಚಾರಿತ್ರಿಕ ನೋಟ

ನಮ್ಮ ವೈದ್ಯಕೀಯ ಚರಿತ್ರೆಯು ಬಹುಮಟ್ಟಿಗೆ ಪ್ಲೇಗು, ಮಲೇರಿಯಾ, ಹೆರಿಗೆಗಳ ಸುತ್ತ ರಚಿತವಾಗಿದೆ. ಸಾವು ತರದಿದ್ದರೂ ಬಾಳನ್ನು ಸವೆಸುವ ಕಾಯಿಲೆಗಳಿಗೆ ಅದರಲ್ಲಿ ಸ್ಥಾನ ಕಡಿಮೆ. ಸ್ತ್ರೀಯರ ಮೂತ್ರಕೋಶದಲ್ಲಿ ವಿರಳವಾಗಿ ಬೆಳೆಯುವ ನಿರಪಾಯಕರ ಗಂತಿಗಳು ಇಂಥವು. ಇವುಗಳ ಚರಿತ್ರೆಯು ಮೂಲತಃ ಕಣ್ಣಿಗೆ ಕಾಣದ್ದನ್ನು ಕಾಣಲು ನಡೆದ ಪ್ರಯತ್ನದ ಚರಿತ್ರೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸುಶ್ರುತಸಂಹಿತೆಯ ಉತ್ತರತಂತ್ರವು ಮೂತ್ರಾಘಾತದ ಹನ್ನೆರಡು ಬಗೆಗಳಲ್ಲಿ ಮೂತ್ರಗ್ರಂಥಿಯನ್ನೂ ಹೇಳುತ್ತದೆ. ಬಸ್ತಿಯ ಬಾಯಿಯೊಳಗೆ ದುಂಡಗೆ, ಚಿಕ್ಕದಾಗಿ, ಕದಲದೆ ನಿಂತ ಗಂಟು ಅದರ ಲಕ್ಷಣ. ಆಧುನಿಕ ವ್ಯಾಖ್ಯಾನಕಾರರು ಮೂತ್ರಾಘಾತದ ಇಂಥ ಬಗೆಗಳನ್ನು ಅನೇಕ ವೇಳೆ ಪುರುಷರ ಪ್ರಾಸ್ಟೇಟ್ ಗ್ರಂಥಿಯೊಂದಿಗೆ ಸಮೀಕರಿಸಿದ್ದಾರೆ. ಹೀಗಾಗಿ ಸ್ತ್ರೀಯರ ಗಂತಿಯು ಚರ್ಚೆಯ ಹೊರಗುಳಿಯಿತು. ಆಡುಮಾತಿನಲ್ಲಂತೂ ಸೋಂಕು, ಕಲ್ಲು, ಗಂತಿ ಎಲ್ಲವೂ ‘ಉರಿಮೂತ್ರ’ವೆಂಬ ಒಂದೇ ಹೆಸರಿನಲ್ಲಿ ಅಡಗಬಲ್ಲವು, ಸಂಕೋಚವು ಆ ಹೆಸರನ್ನೂ ನುಂಗಿಬಿಡುತ್ತದೆ.

1879ರಲ್ಲಿ ಮ್ಯಾಕ್ಸ್ ನಿಟ್ಜೆ ವಿಯೆನ್ನಾದಲ್ಲಿ ಪ್ರದರ್ಶಿಸಿದ ಮೂತ್ರಕೋಶದರ್ಶಕವು ಜೀವಂತ ದೇಹದ ಈ ಅಂಗದೊಳಗೆ ಬೆಳಕು ಹಾಯಿಸಿತು. 1893ರ ವೇಳೆಗೆ ಬಾಲ್ಟಿಮೋರಿನ ಹೋವರ್ಡ್ ಕೆಲ್ಲಿ, ಮೂತ್ರಕೋಶವನ್ನು ಗಾಳಿಯಿಂದ ಹಿಗ್ಗಿಸಿ ನೋಡುವ ವಿಧಾನವನ್ನು ಸ್ತ್ರೀಯರಿಗಾಗಿಯೇ ರೂಪಿಸಿದನು.

ಮೈಸೂರು ಸಂಸ್ಥಾನದಲ್ಲಿ ಸ್ತ್ರೀಯರ ಚಿಕಿತ್ಸೆಗೆ 1906ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯೂ 1935ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯೂ ತೆರೆದವು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದಿತು. ದೇವಲಾಪುರ ಹೋಬಳಿಯನ್ನೊಳಗೊಂಡ ನಾಗಮಂಗಲ ತಾಲ್ಲೂಕು 1939ರಲ್ಲಿ ಹೊಸ ಮಂಡ್ಯ ಜಿಲ್ಲೆಗೆ ಸೇರಿತು. ಆದರೆ ತಾಲ್ಲೂಕಿನೊಳಗೆ, ಬೆಳ್ಳೂರು ಬಳಿ, ಆದಿಚುಂಚನಗಿರಿ ವೈದ್ಯಕೀಯ ಸಂಸ್ಥೆ ತಲೆಯೆತ್ತಿದ್ದು 1986ರಲ್ಲಿ. ರೋಗನಿರ್ಣಯದ ಚರಿತ್ರೆಯಲ್ಲಿ ದಾರಿಯ ದೂರವೂ ಒಂದು ಅಂಶವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಲಿಯೋಮಯೋಮ ಎಂಬ ನಯಸ್ನಾಯುವಿನ ಗಂತಿಯು ಮೂತ್ರಕೋಶದ ಗಂತಿಗಳಲ್ಲಿ ಶೇಕಡಾ 1ಕ್ಕಿಂತ ಕಡಿಮೆ. ಸ್ತ್ರೀಯರಲ್ಲಿಯೇ ಹೆಚ್ಚಾಗಿ ವರದಿಯಾಗಿದೆ. ಎಂಡೊಮೆಟ್ರಿಯೋಸಿಸ್ ಮೂತ್ರಕೋಶಕ್ಕೆ ತಗುಲಿದರೆ ಮುಟ್ಟಿನ ದಿನಗಳಲ್ಲಿ ನೋವು ಉಲ್ಬಣಿಸಬಹುದು. ಅಲ್ಟ್ರಾಸೌಂಡ್ ಮತ್ತು ಎಂ.ಆರ್.ಐ. ಗಂತಿಯ ಇರವನ್ನು ಸೂಚಿಸುತ್ತವೆ. ಅದು ಅರ್ಬುದವಲ್ಲವೆಂದು ನಿಶ್ಚಯಿಸುವುದು ಅಂಗಾಂಶದ ಸೂಕ್ಷ್ಮದರ್ಶಕ ಪರೀಕ್ಷೆ. ಚಿಕ್ಕ ಲಿಯೋಮಯೋಮವನ್ನು ಮೂತ್ರನಾಳದ ಮೂಲಕವೇ ಕತ್ತರಿಸಿ ತೆಗೆಯಬಹುದು. ದೊಡ್ಡದಾದರೆ ಕೋಶದ ಆ ಭಾಗವನ್ನಷ್ಟೇ ಛೇದಿಸುತ್ತಾರೆ. ಎಂಡೊಮೆಟ್ರಿಯೋಸಿಸ್‌ಗೆ ಹಾರ್ಮೋನು ಚಿಕಿತ್ಸೆಯೂ ಉಂಟು. ನಿರ್ಣಯ ಸರಿಯಾಗಿದ್ದರೆ ಇಡೀ ಮೂತ್ರಕೋಶವನ್ನು ಕಳೆದುಕೊಳ್ಳಬೇಕಾದ ಪ್ರಸಂಗ ಸಾಮಾನ್ಯವಾಗಿ ಬಾರದು.

ಆದ್ದರಿಂದ ದಾಖಲೆಗಳ ಮೌನವನ್ನು ರೋಗದ ಅಭಾವವೆಂದು ಸಂಶೋಧಕರು ಭಾವಿಸಬಾರದು. ‘ಉರಿಮೂತ್ರ’ವೆಂದು ಬರೆದಿಟ್ಟ ಒಂದೊಂದು ಸಾಲಿನ ಹಿಂದೆಯೂ ಪರೀಕ್ಷೆಗೊಳಗಾಗದ ಒಬ್ಬ ಹೆಣ್ಣುಮಗಳಿರಬಹುದು.