ಮೆಟ್ನರರ ಕನ್ಚರ್ಟೊಗಳು: ಎರಡು ಧ್ವನಿಮುದ್ರಣಗಳ ತುಲನೆ

ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರರು (1880–1951) ಸಿಂಫೊನಿಗಳನ್ನು ರಚಿಸಲಿಲ್ಲ. ವಾದ್ಯವೃಂದಕ್ಕೆ ಅವರು ಬರೆದುದು ಮೂರು ಪಿಯಾನೊ ಕನ್ಚರ್ಟೊಗಳನ್ನು ಮಾತ್ರ. ಆ ಮೂರೂ 1947ರಲ್ಲಿ ಲಂಡನ್ನಿನಲ್ಲಿ ಅವರದೇ ವಾದನದಲ್ಲಿ ಮುದ್ರಿತವಾದುದು ಮೈಸೂರಿನ ಜಯಚಾಮರಾಜ ಒಡೆಯರ ದ್ರವ್ಯಸಹಾಯದಿಂದ. ಬೀದರ, ಭಾಲ್ಕಿ, ಔರಾದಗಳು ಆಗ ನಿಜಾಮರ ಸಂಸ್ಥಾನದಲ್ಲಿದ್ದವು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯವನ್ನು ಸೇರಿದಾಗ ಅದೇ ಒಡೆಯರು ಅದರ ರಾಜ್ಯಪಾಲರಾದರು.

1990ರ ದಶಕದಲ್ಲಿ ಜೆಫ್ರಿ ಟೋಜರರು ನೀಮೆ ಯಾರ್ವಿಯವರ ನಿರ್ದೇಶನದಲ್ಲಿ, ಲಂಡನ್ ಫಿಲ್‌ಹಾರ್ಮೋನಿಕ್ ವೃಂದದೊಡನೆ ನುಡಿಸಿದ ಮುದ್ರಣ ಸ್ಪಷ್ಟತೆಯಲ್ಲಿ ಮೇಲು. ಹಳೆಯ ತಟ್ಟೆಗಳಲ್ಲಿ ವೃಂದದ ಒಳಸ್ವರಗಳು ಮಸುಕಾಗಿವೆ. ಇಷ್ಟಕ್ಕೇ ಹಳೆಯದನ್ನು ಬದಿಗಿರಿಸುವುದು ಇತಿಹಾಸದ ಅಭ್ಯಾಸಿಗೆ ತಕ್ಕುದಲ್ಲ. ಸ್ವರಲಿಪಿಯಲ್ಲಿ ಹಿಡಿಯಲಾಗದ ಒತ್ತು ನಿಲುಗಡೆಗಳಿಗೆ ಕರ್ತೃವಿನ ವಾದನವೇ ಪ್ರಥಮ ಸಾಕ್ಷ್ಯ. ಹಾಗೆಂದು ಅದನ್ನು ಶಾಸನವೆಂದೂ ಭಾವಿಸಲಾಗದು. ನಿಮಿಷಕ್ಕೆ 78 ಸುತ್ತಿನ ತಟ್ಟೆಯ ಒಂದು ಮಗ್ಗುಲು ನಾಲ್ಕೈದು ನಿಮಿಷಗಳಿಗಿಂತ ಹೆಚ್ಚನ್ನು ಹಿಡಿಯುತ್ತಿರಲಿಲ್ಲ. ಏಕಖಂಡವಾದ ಮೊದಲ ಕನ್ಚರ್ಟೊ ಕೂಡ ತುಂಡುತುಂಡಾಗಿಯೇ ಮುದ್ರಿತವಾಗಬೇಕಾಯಿತು. ಮೆಟ್ನರರಿಗೆ ಆಗ 67 ವರ್ಷ. ಆದುದರಿಂದ ಅವರ ನಡೆಯ ವೇಗವನ್ನೆಲ್ಲ ಅವರ ಸಂಕಲ್ಪವೆಂದೇ ಗಣಿಸುವ ಮುನ್ನ ತಟ್ಟೆಯ ಅಳತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಡೆಯರಿಗೆ ಅರ್ಪಿತವಾದ ಮೂರನೆಯ ಕನ್ಚರ್ಟೊವಿನ ವಿಷಯದಲ್ಲಿ ಮಾತ್ರ ನಾವು 1947ರ ಪಕ್ಷದವರೇ. ‘ಬಲ್ಲಾಡ್’, ಅಂದರೆ ಕಥನಗೀತ, ಎಂಬ ಅದರ ಹೆಸರಿಗೆ ತಕ್ಕಂತೆ ಮೆಟ್ನರರ ಬೆರಳುಗಳು ಕಥೆ ಹೇಳುತ್ತವೆ, ಟೋಜರರವು ಹಾಡುತ್ತವೆ.