ದಮಾಮಿನಿಂದ ಬೆಳ್ಳಿತೆರೆಗೆ: ಸಿದ್ದಿ ಕಲಾವಿದರು ಮತ್ತು ನಾಡಿನ ಚಲನಚಿತ್ರದ ಗುಣಮಟ್ಟ

ಆಫ್ರಿಕಾದ ನಟನಟಿಯರು ಅವಕಾಶಗಳನ್ನು ಅರಸಿ ಪರದೇಶದ ಚಿತ್ರರಂಗಗಳತ್ತ ಹೋಗುವುದು ಜಗತ್ತಿನ ಚಲನಚಿತ್ರ ಚರಿತ್ರೆಯಲ್ಲಿ ಪರಿಚಿತವಾದ ಸಂಗತಿ. ತಾಯ್ನಾಡಿನಲ್ಲಿ ತಯಾರಾಗುವ ಚಿತ್ರಗಳ ಗುಣಮಟ್ಟ, ಕಲಾವಿದರ ವಲಸೆ, ಹೊರಗೆ ದೊರೆಯುವ ಪಾತ್ರಗಳ ಸ್ವರೂಪ, ಇವು ಮೂರೂ ಅಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಈ ಪ್ರಶ್ನೆಗೆ ಕರ್ನಾಟಕದಲ್ಲಿ ವಿಶಿಷ್ಟವಾದೊಂದು ರೂಪವಿದೆ. ಧಾರವಾಡದಿಂದ ಕಲಘಟಗಿ, ಅಳ್ನಾವರಗಳ ದಾರಿ ಹಿಡಿದರೆ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯ ಶತಮಾನಗಳಿಂದ ನೆಲೆಸಿದೆ. ಈ ಸಮುದಾಯದಿಂದ ಕಳೆದ ನಾಲ್ಕು ದಶಕಗಳಲ್ಲಿ ರಂಗಭೂಮಿಗೂ, ಅದರ ಮೂಲಕ ಚಲನಚಿತ್ರಕ್ಕೂ ಕಲಾವಿದರು ಬಂದಿದ್ದಾರೆ. ಅವರ ಮುಂದಿರುವ ಸಮಸ್ಯೆ ಪರದೇಶಕ್ಕೆ ಹೋಗುವುದಲ್ಲ, ಸ್ವದೇಶದಲ್ಲೇ ಪರದೇಶಿಗಳಂತೆ ಕಾಣಿಸಿಕೊಳ್ಳಬೇಕಾಗಿರುವುದು. ಈ ಬೆಳವಣಿಗೆಯ ಹಿನ್ನೆಲೆಯನ್ನೂ ಅದು ಎತ್ತುವ ಗುಣಮಟ್ಟದ ಪ್ರಶ್ನೆಯನ್ನೂ ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ.

ಸಮುದಾಯದ ಚಾರಿತ್ರಿಕ ಹಿನ್ನೆಲೆ

ದಖ್ಖನಿನ ಚರಿತ್ರೆಯಲ್ಲಿ ಆಫ್ರಿಕಾ ಮೂಲದವರ ಪಾತ್ರ ಸಣ್ಣದಲ್ಲ. ಅಹಮದ್‌ನಗರದ ನಿಜಾಮಶಾಹಿಯನ್ನು ದೀರ್ಘಕಾಲ ಎತ್ತಿಹಿಡಿದ ಮಲಿಕ್ ಅಂಬರ್ ಇಥಿಯೋಪಿಯದಿಂದ ಗುಲಾಮನಾಗಿ ಬಂದವನು. ವಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ಇಖ್ಲಾಸ್ ಖಾನನಂತಹ ಹಬಶಿ ಸರದಾರರು ಉನ್ನತ ಅಧಿಕಾರದಲ್ಲಿದ್ದರು. ಆದರೆ ಉತ್ತರ ಕನ್ನಡ ಮತ್ತು ಧಾರವಾಡ ಸೀಮೆಯ ಸಿದ್ದಿಗಳ ಕಥೆ ಬೇರೆ. ಪೋರ್ತುಗೀಸರು ಹಾಗೂ ಅರಬ್ ವರ್ತಕರು ಪೂರ್ವ ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರಲ್ಲಿ ಅನೇಕರು ಅಲ್ಲಿಂದ ತಪ್ಪಿಸಿಕೊಂಡು ಸಹ್ಯಾದ್ರಿಯ ದಟ್ಟ ಕಾಡನ್ನು ಸೇರಿದರು. ಅವರ ಸಂತತಿಯೇ ಇಂದಿನ ಸಿದ್ದಿಗಳೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಟಿ. ಸಿ. ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಗಳನ್ನು ಕುರಿತು 1976ರಲ್ಲಿ ಪ್ರಕಟಿಸಿದ ಗ್ರಂಥ ಈ ಕ್ಷೇತ್ರದ ಆರಂಭದ ಅಧ್ಯಯನಗಳಲ್ಲೊಂದು.

ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಮೂರೂ ಧರ್ಮಗಳವರಿದ್ದಾರೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಹೊರಗೆ ಕನ್ನಡ, ಕೆಲವೆಡೆ ಉರ್ದು ಮತ್ತು ಮರಾಠಿ ಬಳಕೆಯಲ್ಲಿವೆ. ಹಿರಿಯರ ಪೂಜೆ ಮಾತ್ರ ಧರ್ಮಭೇದವನ್ನು ದಾಟಿ ಉಳಿದುಬಂದಿದೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳಲ್ಲಿರುವ ಅವರದೇ ಬಂಧುಬಳಗಕ್ಕೆ ಆ ಮನ್ನಣೆ ದೊರೆತದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿಯವರು ರಾಜ್ಯದ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಜಿಲ್ಲೆಯ ಗಡಿಯೊಂದು ಒಂದೇ ಸಮುದಾಯವನ್ನು ಹದಿನೇಳು ವರ್ಷಗಳ ಕಾಲ ಎರಡಾಗಿ ಕಂಡದ್ದನ್ನು ಇಲ್ಲಿ ಗಮನಿಸಬೇಕು. ತನ್ನವರು ಯಾರು, ಹೊರಗಿನವರು ಯಾರು ಎಂಬುದನ್ನು ನೋಡುವವರ ಕಣ್ಣು ತೀರ್ಮಾನಿಸುವ ಈ ಕ್ರಮ ಮುಂದೆ ಚಲನಚಿತ್ರದಲ್ಲಿಯೂ ಕಾಣಿಸಿಕೊಳ್ಳುತ್ತದೆ.

ದಮಾಮಿನ ಅಂಗಳ

ಸಿದ್ದಿಗಳ ಪ್ರದರ್ಶನ ಕಲೆಯ ಕೇಂದ್ರ ದಮಾಮ್. ಮರದ ಕಳಸಿಗೆಗೆ ಚರ್ಮ ಬಿಗಿದು ಮಾಡಿದ ಈ ವಾದ್ಯದ ಸುತ್ತ ಹಾಡು, ಕುಣಿತ, ಅಣಕು, ಮಾತಿನ ಚಕಮಕಿ ಒಟ್ಟಾಗಿ ನಡೆಯುತ್ತವೆ. ಮದುವೆ, ಹಬ್ಬ, ಹಿರಿಯರ ಆರಾಧನೆಗಳೇ ಅದರ ಸಂದರ್ಭಗಳು. ಹೆಂಗಸರ ಪುಗಡಿ ಕುಣಿತಕ್ಕೂ ಇದೇ ಅಂಗಳ. ಇಲ್ಲಿ ನೋಡುವವರು ಬೇರೆ, ಆಡುವವರು ಬೇರೆ ಎಂಬ ಗೆರೆಯಿಲ್ಲ. ನೋಡುತ್ತ ಕುಳಿತವರು ಎದ್ದು ಕುಣಿತಕ್ಕೆ ಸೇರುತ್ತಾರೆ, ಕುಣಿದು ದಣಿದವರು ಬಂದು ಕುಳಿತುಕೊಳ್ಳುತ್ತಾರೆ. ಕಲೆಯ ಒಳಿತು ಕೆಡುಕುಗಳನ್ನು ಹೇಳುವವರೂ ಈ ಅಂಗಳದವರೇ. ತಾಳ ತಪ್ಪಿದರೆ ಹಿರಿಯರು ಅಲ್ಲಿಯೇ ತಿದ್ದುತ್ತಾರೆ. ಗುಣಮಟ್ಟವೆಂಬುದು ಪಂಡಿತರ ಕಲ್ಪನೆಯೆಂದು ಭಾವಿಸುವವರು ಈ ತಿದ್ದುವಿಕೆಯನ್ನು ನೋಡಬೇಕು.

ಸರಕಾರಿ ಉತ್ಸವಗಳ ಮೆರವಣಿಗೆಗೆ ಬಂದಾಗ ಈ ಕಲೆಯ ಸ್ವರೂಪ ಬದಲಾಯಿತು. ಎಲೆಯುಡುಗೆ, ಮುಖಕ್ಕೆ ಬಳಿದ ಬಣ್ಣ, ಕಾಡುಮನುಷ್ಯರ ಆರ್ಭಟ, ಇವು ವೇದಿಕೆಯ ನಿರೀಕ್ಷೆಗಳಾದವು. ಮನೆಯಂಗಳದಲ್ಲಿ ಸೀರೆಯುಟ್ಟು ಹಾಡುವ ಹೆಂಗಸು ಮೆರವಣಿಗೆಯಲ್ಲಿ ಸೊಪ್ಪನ್ನು ಸುತ್ತಿಕೊಳ್ಳಬೇಕಾಯಿತು. 1987ರಲ್ಲಿ ಆರಂಭವಾದ ವಿಶೇಷ ಕ್ರೀಡಾ ಯೋಜನೆಯೂ ಸಿದ್ದಿ ಮಕ್ಕಳ ದೇಹಬಲವನ್ನು ಗುರುತಿಸಿ ತರಬೇತಿಗೆ ಆರಿಸಿತಾದರೂ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಸಿದ್ದಿಗಳೆಂದರೆ ಮೊದಲು ದೇಹ, ಆಮೇಲೆ ಉಳಿದದ್ದು ಎಂಬ ನೋಟ ಈ ಎರಡು ಸಂದರ್ಭಗಳಿಗೂ ಸಮಾನವಾದುದು.

ಮಂಚೀಕೇರಿ ಮತ್ತು ಹೆಗ್ಗೋಡು

ಈ ನೋಟಕ್ಕೆ ಪರ್ಯಾಯವೊಂದು ರಂಗಭೂಮಿಯಲ್ಲಿ ರೂಪುಗೊಂಡಿತು. ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಹೆಗ್ಗೋಡಿನ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಆ ದಶಕದಲ್ಲಿಯೇ ಚಿದಂಬರರಾವ್ ಜಂಬೆಯವರು ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯಲ್ಲಿ ಸಿದ್ದಿ ಯುವಕ ಯುವತಿಯರೊಂದಿಗೆ ನಾಟಕ ಕಟ್ಟಿದರು. ನೈಜೀರಿಯದ ಚಿನುವಾ ಅಚಿಬೆ 1958ರಲ್ಲಿ ಪ್ರಕಟಿಸಿದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ಆಧರಿಸಿದ ಕನ್ನಡ ನಾಟಕವದು. ಇಗ್ಬೊ ಹಳ್ಳಿಯೊಂದು ವಸಾಹತುಶಾಹಿಯ ಹೊಡೆತಕ್ಕೆ ಒಡೆದುಹೋಗುವ ಕಥೆಯನ್ನು ಆಫ್ರಿಕಾದ ನೆನಪನ್ನು ಕಳೆದುಕೊಂಡ ಆಫ್ರಿಕಾ ಸಂತತಿಯವರು ಕನ್ನಡದಲ್ಲಿ ಆಡಿದರು. ಅಲ್ಲಿ ಅವರಿಗೆ ದೊರೆತದ್ದು ಮಾತುಳ್ಳ, ಮನಸ್ಸುಳ್ಳ, ತಪ್ಪು ಮಾಡಿ ನೋಯುವ ಪಾತ್ರಗಳು. ಒಂದು ಸಮುದಾಯದ ನಟನಾಶಕ್ತಿಗೆ ಯಾವ ಬಗೆಯ ಸಾಹಿತ್ಯ ಒದಗಬೇಕೆಂಬುದಕ್ಕೆ ಈ ಪ್ರಯೋಗ ಒಳ್ಳೆಯ ನಿದರ್ಶನ.

ಚಲನಚಿತ್ರದ ಗುಣಮಟ್ಟದ ಬಗೆಗೂ ಹೆಗ್ಗೋಡಿನಲ್ಲಿ ಇದೇ ನಿಲುವಿತ್ತು. ಸುಬ್ಬಣ್ಣನವರು 1970ರ ದಶಕದಲ್ಲಿ ಅಲ್ಲಿ ಚಿತ್ರಸಮಾಜವನ್ನು ಕಟ್ಟಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಗರ ಮುಂದಿಟ್ಟರು. ಸತ್ಯಜಿತ್ ರಾಯ್, ಕುರೊಸಾವಾ, ಡಿ ಸಿಕಾ ಅವರ ಕೃತಿಗಳನ್ನು ಮಲೆನಾಡಿನ ರೈತರು ನೋಡಿ ಚರ್ಚಿಸಿದರು. ಒಳ್ಳೆಯ ಚಿತ್ರ ಬೇಕಾದರೆ ಒಳ್ಳೆಯ ಪ್ರೇಕ್ಷಕರನ್ನೂ ಬೆಳೆಸಬೇಕೆಂಬುದು ಅದರ ತಾತ್ಪರ್ಯ. ಸಿದ್ದಿ ಯುವಜನರು ತರಬೇತಿಗೆ ಬಂದದ್ದು ಇಂತಹ ವಾತಾವರಣಕ್ಕೆ.

ಹೊರಗೆ ಹೋದ ಕಲಾವಿದರು

ಅವಕಾಶಕ್ಕಾಗಿ ಊರು ಬಿಡುವುದು ಉತ್ತರ ಕರ್ನಾಟಕದ ಕಲಾವಿದರಿಗೆ ಹೊಸದಲ್ಲ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಚಿತ್ರೀಕರಣಗೊಂಡದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಕನ್ನಡ ನಾಡಿನಲ್ಲಿ ಕಂಪನಿ ನಾಟಕಗಳಿಗೆ ಬರವಿರಲಿಲ್ಲ, ಗದಗು, ಹುಬ್ಬಳ್ಳಿ, ಧಾರವಾಡಗಳು ಅವುಗಳ ಬೀಡುಗಳಾಗಿದ್ದವು. ಆದರೆ ಸ್ಟುಡಿಯೋ ಮತ್ತು ಬಂಡವಾಳ ಬೇರೆಡೆ ಇದ್ದವು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರು ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಾದ್ಯಂತ ಹೆಸರಾದರು. ಧಾರವಾಡದಲ್ಲಿ ಹುಟ್ಟಿದ ಲೀನಾ ಚಂದಾವರ್ಕರ್ ಹಿಂದಿ ಚಿತ್ರಗಳ ನಾಯಕಿಯಾದರು. ಧಾರವಾಡದಲ್ಲಿ ಬೆಳೆದ ಗಿರೀಶ ಕಾರ್ನಾಡರು ಮುಂಬಯಿಯ ಚಿತ್ರಗಳಲ್ಲಿ ನಟಿಸಿದರೂ ಅದಕ್ಕೆ ಮೊದಲೇ ‘ಸಂಸ್ಕಾರ’ (1970), ‘ವಂಶವೃಕ್ಷ’ (1971), ‘ಕಾಡು’ (1973) ಚಿತ್ರಗಳ ಮೂಲಕ ಕನ್ನಡ ಚಿತ್ರದ ಮಟ್ಟವನ್ನು ಎತ್ತರಿಸಿದ್ದರು.

ಈ ಉದಾಹರಣೆಗಳಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಹೊರಗೆ ಹೋದವರಿಗೆ ಕೀರ್ತಿ ಬಂದಿತು, ಆದರೆ ಅವರ ನಿರ್ಗಮನದಿಂದಲೇ ನಾಡಿನ ಚಿತ್ರ ಬಡವಾಗಲಿಲ್ಲ, ಅವರ ಕೀರ್ತಿಯಿಂದ ಶ್ರೀಮಂತವೂ ಆಗಲಿಲ್ಲ. ನಾಡಿನ ಚಿತ್ರ ಬೆಳೆದದ್ದು ನಾಡಿನ ಬದುಕನ್ನು ಬಲ್ಲ ಬರಹ ಅದಕ್ಕೆ ಒದಗಿದಾಗ. ‘ಸಂಸ್ಕಾರ’ದ ಹಿಂದೆ ಅನಂತಮೂರ್ತಿಯವರ ಕಾದಂಬರಿಯೂ ‘ವಂಶವೃಕ್ಷ’ದ ಹಿಂದೆ ಭೈರಪ್ಪನವರ ಕಾದಂಬರಿಯೂ ಇದ್ದವು.

ತೆರೆಯ ಮೇಲಿನ ಸಿದ್ದಿ

ನೀನಾಸಮ್‌ನಲ್ಲಿ ತರಬೇತಿ ಪಡೆದ ಪ್ರಶಾಂತ್ ಸಿದ್ದಿಯವರು ‘ಪರಮಾತ್ಮ’ (2011), ‘ಅಣ್ಣಾ ಬಾಂಡ್’ (2012) ಮೊದಲಾದ ಚಿತ್ರಗಳ ಪೋಷಕ ಪಾತ್ರಗಳಿಂದ ಕನ್ನಡ ಪ್ರೇಕ್ಷಕರಿಗೆ ಪರಿಚಿತರಾದರು. ರಂಗನಟಿಯೂ ಗಾಯಕಿಯೂ ಆದ ಗಿರಿಜಾ ಸಿದ್ದಿ ಮತ್ತು ಸಂಗಡಿಗರ ಕಂಠ 2021ರ ‘ಸಲಗ’ ಚಿತ್ರದ ಹಾಡಿನ ಮೂಲಕ ನಾಡಿನ ಮೂಲೆ ಮೂಲೆಯನ್ನು ತಲುಪಿತು. ಸಿದ್ದಿಗಳ ಲಯಕ್ಕೆ ಅಷ್ಟು ವಿಸ್ತಾರವಾದ ಕೇಳುಗರು ಹಿಂದೆಂದೂ ದೊರೆತಿರಲಿಲ್ಲ. ಇದರ ಮಹತ್ವವನ್ನು ಕಡೆಗಣಿಸುವಂತಿಲ್ಲ. ಆದರೆ ಆ ಚಿತ್ರದ ಕಥೆ ಬೆಂಗಳೂರಿನ ಭೂಗತಲೋಕದ್ದು. ಹಾಡು ಸಿದ್ದಿಗಳದು, ಕಥೆ ಬೇರೆಯವರದು. ಸಿದ್ದಿ ನಟರಿಗೆ ದೊರೆಯುವ ಅವಕಾಶಗಳ ಮಿತಿಯನ್ನು ಈ ವ್ಯತ್ಯಾಸ ಸೂಚಿಸುತ್ತದೆ. ಗುಂಗುರುಗೂದಲು ಮತ್ತು ಮೈಬಣ್ಣಗಳನ್ನು ಕಂಡೊಡನೆ ಪ್ರೇಕ್ಷಕರು ಪರದೇಶಿಯನ್ನು ನಿರೀಕ್ಷಿಸುತ್ತಾರೆ, ಆತ ಅಚ್ಚಕನ್ನಡ ಆಡಿದರೆ ಅದನ್ನೇ ಹಾಸ್ಯವೆಂದು ಭಾವಿಸುತ್ತಾರೆ. ತಲೆತಲಾಂತರದಿಂದ ಇದೇ ಮಣ್ಣಿನಲ್ಲಿ ಬಾಳಿದವರ ಕನ್ನಡವೇ ಬೆರಗಿನ ವಸ್ತುವಾಗುವುದು ಪಾತ್ರರಚನೆಯ ಬಡತನವನ್ನು ತೋರಿಸುತ್ತದೆ.

ಆಫ್ರಿಕಾದ ಅನುಭವ

ಆಫ್ರಿಕಾದ ನಟರ ಅನುಭವ ಇದಕ್ಕೆ ಹತ್ತಿರವಾದುದು. ಬೆನಿನ್ ದೇಶದ ಜಿಮೊನ್ ಹೌನ್ಸು ಹಾಲಿವುಡ್ಡಿನಲ್ಲಿ ಗಮನ ಸೆಳೆದದ್ದು 1997ರ ‘ಅಮಿಸ್ಟಾಡ್’ ಚಿತ್ರದ ಗುಲಾಮನ ಪಾತ್ರದಿಂದ. ಕೀನ್ಯಾ ಮೂಲದ ಲುಪಿಟಾ ನ್ಯೊಂಗೊ 2014ರಲ್ಲಿ ಆಸ್ಕರ್ ಪಡೆದದ್ದೂ ‘ಟ್ವೆಲ್ವ್ ಇಯರ್ಸ್ ಎ ಸ್ಲೇವ್’ ಚಿತ್ರದಲ್ಲಿ ಗುಲಾಮ ಹೆಂಗಸಿನ ಪಾತ್ರಕ್ಕೆ. ಅಭಿನಯ ಶ್ರೇಷ್ಠವಾದುದೇ, ಆದರೆ ಬಾಗಿಲು ಯಾವ ಪಾತ್ರಕ್ಕೆ ತೆರೆಯಿತೆಂಬುದು ವಿಚಾರಾರ್ಹ. 2018ರಲ್ಲಿ ಕೇರಳದ ‘ಸುಡಾನಿ ಫ್ರಮ್ ನೈಜೀರಿಯಾ’ ಚಿತ್ರದಲ್ಲಿ ನೈಜೀರಿಯದ ಸ್ಯಾಮುಯೆಲ್ ರಾಬಿನ್ಸನ್ ಮುಖ್ಯ ಪಾತ್ರ ವಹಿಸಿ ಮೆಚ್ಚುಗೆ ಪಡೆದರು. ಬಿಡುಗಡೆಯ ಬಳಿಕ ಸಂಭಾವನೆಯ ಬಗ್ಗೆ ಅವರು ಬಹಿರಂಗವಾಗಿ ಆಕ್ಷೇಪವೆತ್ತಿ, ವರ್ಣಭೇದದ ಮಾತನ್ನೂ ಆಡಿದರು. ನಿರ್ಮಾಪಕರು ಅದನ್ನು ನಿರಾಕರಿಸಿದರು. ಹೆಚ್ಚುವರಿ ಹಣ ಸಂದಾಯವಾದ ಮೇಲೆ ವಿವಾದ ಇತ್ಯರ್ಥವಾಯಿತು. ಸಹೃದಯತೆಯ ಕಥೆಯುಳ್ಳ ಚಿತ್ರದಲ್ಲಿಯೂ ಹೊರಗಿನಿಂದ ಬಂದ ನಟನ ಸ್ಥಾನ ಎಷ್ಟು ನಾಜೂಕಾದುದೆಂಬುದಕ್ಕೆ ಇದು ಸಾಕ್ಷಿ.

ಇದಕ್ಕೆ ಆಫ್ರಿಕಾ ಕಂಡುಕೊಂಡ ಉತ್ತರಗಳು ಎರಡು ಬಗೆಯವು. ಸೆನೆಗಲ್ಲಿನ ಉಸ್ಮಾನ್ ಸೆಂಬೆನ್ ಕಾದಂಬರಿಕಾರರಾಗಿದ್ದವರು. ಓದುಬರಹ ಬಾರದ ತಮ್ಮ ಜನರನ್ನು ತಲುಪಲು ಚಲನಚಿತ್ರಕ್ಕೆ ಬಂದು, 1968ರ ‘ಮಂದಾಬಿ’ಯನ್ನು ವೊಲೊಫ್ ಭಾಷೆಯಲ್ಲಿ ತೆಗೆದರು. ನೈಜೀರಿಯದಲ್ಲಿ 1992ರ ‘ಲಿವಿಂಗ್ ಇನ್ ಬಾಂಡೇಜ್’ ಇಗ್ಬೊ ಭಾಷೆಯ ವೀಡಿಯೊ ಚಿತ್ರವಾಗಿ ಬಂದು ಅಗ್ಗದ, ಶೀಘ್ರ ತಯಾರಿಕೆಯ ಉದ್ಯಮಕ್ಕೆ ದಾರಿ ಮಾಡಿತು. ಮೊದಲನೆಯದರಲ್ಲಿ ಕಲಾತ್ಮಕತೆ ಹೆಚ್ಚು, ಪ್ರೇಕ್ಷಕರು ಕಡಿಮೆ. ಎರಡನೆಯದರಲ್ಲಿ ಗುಣಮಟ್ಟದ ಬಗ್ಗೆ ದೂರುಗಳಿದ್ದರೂ ಜನರು ತಮ್ಮ ಮುಖಗಳನ್ನು ತೆರೆಯ ಮೇಲೆ ಕಂಡರು, ನಟರಿಗೆ ಊರಿನಲ್ಲಿಯೇ ಅನ್ನ ದೊರೆಯಿತು. ಎರಡರಲ್ಲೂ ಸಮಾನವಾದ ಅಂಶವೆಂದರೆ ಕಥೆಯ ಒಡೆತನ ತಮ್ಮವರ ಕೈಯಲ್ಲಿದ್ದುದು.

ಸಮಾರೋಪ

ಸಿದ್ದಿ ಸಮುದಾಯವನ್ನೇ ಕೇಂದ್ರದಲ್ಲಿಟ್ಟ ‘ರಿದಮ್ ಆಫ್ ದಮ್ಮಾಮ್’ ಎಂಬ ಕಥಾಚಿತ್ರ 2024ರಲ್ಲಿ ಗೋವೆಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಯಲ್ಲಾಪುರದ ಪರಿಸರದಲ್ಲಿ ತಯಾರಾದ ಈ ಚಿತ್ರದಲ್ಲಿ ಅಜ್ಜನನ್ನು ಕಳೆದುಕೊಂಡ ಬಾಲಕನೊಬ್ಬನ ಮೇಲೆ ಹಿರಿಯರ ನೆನಪು ಆವಾಹನೆಗೊಳ್ಳುತ್ತದೆ. ಪಾತ್ರಧಾರಿಗಳಲ್ಲಿ ಹೆಚ್ಚಿನವರು ಸಿದ್ದಿಗಳೇ. ನಿರ್ದೇಶಕ ಜಯನ್ ಚೆರಿಯನ್ ಅಮೆರಿಕೆಯಲ್ಲಿ ನೆಲೆಸಿದ ಮಲಯಾಳಿ. ಗೋವೆಯಿಂದ ಓಡಿಬಂದವರ ಸಂತತಿ ತನ್ನ ಕಥೆಯೊಂದಿಗೆ ಗೋವೆಯ ತೆರೆಗೆ ಮರಳಿದ್ದು ಚರಿತ್ರೆಯ ಅರ್ಥಪೂರ್ಣ ತಿರುವು. ಆದರೆ ಆ ಕಥೆಯನ್ನು ಚಿತ್ರವಾಗಿಸಲು ಹೊರಗಿನವರೊಬ್ಬರು ಬರಬೇಕಾಯಿತೆಂಬುದನ್ನು ಕನ್ನಡ ಚಿತ್ರರಂಗ ಗಂಭೀರವಾಗಿ ಪರಿಗಣಿಸಬೇಕು.

ನಾಡಿನ ಚಿತ್ರದ ಗುಣಮಟ್ಟವನ್ನು ಕ್ಯಾಮೆರಾ, ಬಂಡವಾಳ, ಪ್ರಶಸ್ತಿಗಳಿಂದ ಅಳೆಯುವುದು ರೂಢಿ. ನಾಡಿನೊಳಗಿನ ಎಲ್ಲರೂ ಅದರಲ್ಲಿ ಪೂರ್ಣ ಮನುಷ್ಯರಾಗಿ ಮಾತನಾಡಬಲ್ಲರೇ ಎಂಬುದೂ ಅದರ ಒಂದು ಅಳತೆ. ದಮಾಮಿನ ಅಂಗಳದಲ್ಲಿ ತಪ್ಪಿದ ತಾಳವನ್ನು ತಿದ್ದುವ ಹಿರಿಯರಿದ್ದಾರೆ, ಮಂಚೀಕೇರಿಯಲ್ಲಿ ಪಳಗಿದ ನಟರಿದ್ದಾರೆ. ಕೊರತೆಯಿರುವುದು ಅವರನ್ನು ಬಲ್ಲ ಬರಹಕ್ಕೆ. ಸಿದ್ದಿ ಯುವಜನರು ನಟನೆಯೊಂದಿಗೆ ಕಥಾರಚನೆ, ನಿರ್ದೇಶನಗಳಿಗೂ ಬರುವಂತೆ ವಿಶ್ವವಿದ್ಯಾಲಯಗಳು, ಅಕಾಡೆಮಿಗಳು, ರಂಗಸಂಸ್ಥೆಗಳು ಅನುವು ಮಾಡಿಕೊಟ್ಟರೆ ಆ ಕೊರತೆ ನೀಗೀತು. ಧಾರವಾಡದಿಂದ ಕಲಘಟಗಿಯ ಸಿದ್ದಿ ಕೇರಿಗೆ ಇರುವ ದಾರಿ ದೂರದ್ದೇನಲ್ಲ.