ಮರ ಕಡಿಯುವ ಯಂತ್ರವೂ ಅದರ ಲೆಕ್ಕವೂ



ಕಲಬುರಗಿಯಿಂದ ಹುಮನಾಬಾದಿನ ಹಾದಿ ಹಿಡಿದು ಕಮಲಾಪುರಕ್ಕೆ ಹೊರಟವರಿಗೆ ತೊಗರಿ ಹೊಲಗಳೇ ಕಣ್ಣಿಗೆ ಬೀಳುವುವು. ಕಮಲಾಪುರವೆಂದೊಡನೆ ನೆನಪಾಗುವುದು ಅಲ್ಲಿಯ ಕೆಂಪು ಬಾಳೆಯೇ ಹೊರತು ಮರದ ದಿಮ್ಮಿಯಲ್ಲ. ಕಾಡೆಂಬುದನ್ನು ಕಾಣಲು ಚಿಂಚೋಳಿಯವರೆಗೆ ಹೋಗಬೇಕು. ಆದರೂ ನೆಡುತೋಪುಗಳ ಮಾತು ಬಂದಾಗ, ಕೂಲಿಯಾಳು ಸಿಕ್ಕದಿದ್ದರೆ ಯಂತ್ರವನ್ನು ತಂದರಾಯಿತು ಎನ್ನುವವರು ನಮ್ಮಲ್ಲಿಯೂ ಉಂಟು. ಈ ಮಾತನ್ನು ಒರೆಗೆ ಹಚ್ಚಲು ನಮ್ಮ ಸೀಮೆಯಲ್ಲಿ ನಿದರ್ಶನವಿಲ್ಲ. ಮಲೆನಾಡಿನ ಇತಿಹಾಸವನ್ನೇ ನೋಡಬೇಕು.

1923ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆಗೆ ಬೆಂಕಿ ಬಿದ್ದಿತು. ಅದು ಕಲ್ಲಿದ್ದಲಿನದಲ್ಲ, ಕಟ್ಟಿಗೆಯ ಇದ್ದಿಲಿನ ಕುಲುಮೆ. ಕುಲುಮೆ ಹಗಲಿರುಳೂ ಉರಿಯಬೇಕು. ಆದುದರಿಂದ ಕಾಡಿನಿಂದ ಸೌದೆಯೂ ಎಡೆಬಿಡದೆ ಬರಬೇಕು. ಕಡಿಯುವ ಕೆಲಸ ಕೊಡಲಿ ಗರಗಸಗಳದೇ ಆಗಿದ್ದರೂ ಕುಲುಮೆಯ ಹಸಿವು ಯಂತ್ರದ ಹಸಿವು. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದ ಮೇಲೆಯೇ ಆ ಹಸಿವು ಇಳಿಯಿತು.

ನೆರೆಯ ಕೊಚ್ಚಿ ಸಂಸ್ಥಾನದ ಕಥೆ ಇನ್ನೂ ಬೋಧಪ್ರದವಾದುದು. ಪರಂಬಿಕುಳದ ಕಾಡಿನಿಂದ ಚಾಲಕುಡಿಯವರೆಗೆ 1907ರಲ್ಲಿ ಅರಣ್ಯ ಟ್ರಾಮ್ ಹಳಿ ತೆರೆಯಿತು. ಇಳಿಜಾರುಗಳಲ್ಲಿ ದಿಮ್ಮಿ ತುಂಬಿದ ಬಂಡಿ ಕೆಳಗಿಳಿಯುತ್ತ ಖಾಲಿ ಬಂಡಿಯನ್ನು ಮೇಲಕ್ಕೆಳೆಯುತ್ತಿದ್ದ ಚಾತುರ್ಯವನ್ನು ಮೆಚ್ಚದಿರಲಾಗದು. ಆದರೆ ಹಳಿಗೆ ಹಾಕಿದ ಹಣವು ನಿತ್ಯವೂ ದಿಮ್ಮಿ ಬೇಡುವುದು. ಕಡಿದ ಕಡೆ ನೆಟ್ಟ ತೇಗವಾದರೋ ಬಲಿಯಲು ಐವತ್ತು ಅರುವತ್ತು ವರ್ಷ ಕೇಳುವುದು. 1963ರಲ್ಲಿ ಟ್ರಾಮ್ ನಿಂತಿತು.

ಇಂದು ಸ್ವೀಡನ್, ಫಿನ್ಲೆಂಡ್‌ಗಳ ಯಂತ್ರ ಒಂದೇ ಹಿಡಿತದಲ್ಲಿ ಮರವನ್ನು ಉರುಳಿಸಿ, ಕೊಂಬೆ ಸವರಿ, ತುಂಡು ಮಾಡುವುದು. ಲೆಕ್ಕಕ್ಕೆಂದು ಅದರ ಗಂಟೆಯ ವೆಚ್ಚವನ್ನು 3000 ರೂಪಾಯಿ ಎಂದಿಟ್ಟುಕೊಳ್ಳೋಣ. ಒಂದೊಂದು ಮರದಲ್ಲಿ 0.1 ಘನ ಮೀಟರ್ ಇದ್ದು, ನಿಮಿಷಕ್ಕೊಂದು ಕಡಿದರೆ ಗಂಟೆಗೆ 6 ಘನ ಮೀಟರ್; ಘನ ಮೀಟರಿಗೆ 500 ರೂಪಾಯಿ. ಮರ 0.3 ಘನ ಮೀಟರಿನದಾಗಿ ಒಂದೂವರೆ ನಿಮಿಷ ಹಿಡಿದರೆ ಗಂಟೆಗೆ 12, ವೆಚ್ಚ 250ಕ್ಕಿಳಿಯಿತು. ಅಂದರೆ ಸಣ್ಣ ಮರವನ್ನು ಕಡಿಯುವುದೇ ದುಬಾರಿ. ನೀಲಗಿರಿ ತೋಪುಗಳನ್ನು ಎಳೆಯದರಲ್ಲಿಯೇ ಕಡಿಯುವವರು ಈ ಅಂಕಿಗಳನ್ನು ಮರೆಯುವರು. 2017ರಲ್ಲಿ ಕರ್ನಾಟಕವು ನೀಲಗಿರಿಯನ್ನು ಹೊಸದಾಗಿ ನೆಡುವುದನ್ನೇ ನಿಷೇಧಿಸಿತೆಂಬುದು ಬೇರೆ ಮಾತು.

ಯಂತ್ರ ನಿಂತಾಗ ಎಣ್ಣೆಯ ಖರ್ಚು ಉಳಿಯುವುದು, ಸಾಲದ ಬಡ್ಡಿ ಉಳಿಯದು. ಮಲೆನಾಡಿನ ಮಳೆಯಲ್ಲಿ ಅದು ತಿಂಗಳುಗಟ್ಟಲೆ ನಿಲ್ಲಬೇಕು. ನಮ್ಮ ಎರೆ ಭೂಮಿಯೇನು ಕಡಮೆ? ಒಂದು ಹದ ಮಳೆಗೆ ಎತ್ತಿನ ಗಾಡಿಯ ಗಾಲಿಯನ್ನೇ ಹಿಡಿದುಕೊಳ್ಳುವ ಮಣ್ಣು, ಹತ್ತಾರು ಟನ್ ತೂಕದ ಯಂತ್ರವನ್ನು ಬಿಟ್ಟೀತೇ? ಬಿಟ್ಟರೂ ಅದರ ಭಾರಕ್ಕೆ ನೆಲ ಒತ್ತಿ ಗಟ್ಟಿಯಾಗಿ, ಮುಂದಿನ ಸಸಿಯ ಬೇರಿಗೆ ಅಡ್ಡಿಯಾಗುವುದು. ಅಲ್ಲಿ ಸವರಿದ ಕೊಂಬೆಗಳನ್ನು ಗಾಲಿಯಡಿ ಹಾಸಿ ಆ ಭಾರವನ್ನು ತಡೆಯುವರು. ಇಲ್ಲಿ ಅದೇ ಕೊಂಬೆಗಳನ್ನು ಹೊರೆ ಕಟ್ಟಿ ಒಲೆಗೆ ಒಯ್ಯಲು ಹೆಂಗಸರು ತೋಪಿನ ಅಂಚಿನಲ್ಲಿ ಕಾದಿರುವರು.